ಗಡಿಕಲ್ಲಿನ ಮೇಲೆ ಕೂತ ಪಾಲವ್ವ

ಮೊದಲೇ ಹೇಳಿಬಿಡುತ್ತೇನೆ, ಕಥೆ ಹೇಳುವುದು ನನಗೆ ಸರಿಯಾಗಿ ಬರುವುದಿಲ್ಲ. ಬರೆಯುವುದಂತೂ ಇದೇ ಮೊದಲು. ಹೇಳಬೇಕಾದ್ದನ್ನು ಬಿಟ್ಟು ಹೇಳಬೇಕಿಲ್ಲದ್ದನ್ನು ವಿವರಿಸುತ್ತಾ ಕೂರುವುದು ನನ್ನ ಚಾಳಿ. ನಮ್ಮವ್ವ ಹೇಳುವಾಗ ಈ ಕಥೆ ತನ್ನ ಕಾಲ ಮೇಲೆ ತಾನೇ ನಡೆಯುತ್ತಿತ್ತು. ನನ್ನ ಕೈಯಲ್ಲಿ ಕುಂಟಿದರೆ ತಪ್ಪು ಕಥೆಯದಲ್ಲ, ನನ್ನದು. ಹೊಟ್ಟೆಗೆ ಹಾಕಿಕೊಳ್ಳಿ.

ಬಹಳ ಬಹಳ ಹಿಂದೆ, ಕಾಲ ಯಾವುದೋ ಅರಸ ಯಾರೋ ಯಾರಿಗೂ ನೆನಪಿಲ್ಲ, ಬಿಳಿಗಲ್ಲಹಟ್ಟಿ ಅಂತ ಒಂದು ಊರಿತ್ತಂತೆ. ಅದರ ಪಕ್ಕದಲ್ಲಿ ತುಂಬೆಹಳ್ಳಿ ಅಂತ ಇನ್ನೊಂದು ಊರು. ಪಕ್ಕದಲ್ಲಿ ಅಂದರೆ ತೀರ ಪಕ್ಕವಲ್ಲ. ಈ ಊರಿನ ಕೋಳಿ ಕೂಗಿದರೆ ಆ ಊರಿಗೆ ಕೇಳುವುದಿಲ್ಲ, ಈ ಊರಿನ ತಮಟೆ ಬಡಿದರೆ ಕೇಳುತ್ತದೆ, ಅಷ್ಟು ದೂರ. ನಡುವೆ ಬಯಲು, ಬಯಲ ನಡುವೆ ಮಂಡಿಯೆತ್ತರದ ಒಂದು ಚಪ್ಪಟೆ ಕಲ್ಲು. ಅದು ಗಡಿಕಲ್ಲು. ಇಲ್ಲಿಗೆ ಒಂದು ಊರು ಮುಗಿಯಿತು, ಇಲ್ಲಿಂದ ಇನ್ನೊಂದು ಶುರು ಅಂತ ಹಿರಿಯರು ನೆಟ್ಟ ಕಲ್ಲು. ಇದನ್ನು ಯಾಕೆ ಬಿಡಿಸಿ ಹೇಳುತ್ತಿದ್ದೇನೆ ಅಂದರೆ, ನಡೆದದ್ದೆಲ್ಲ ಆ ಕಲ್ಲಿನ ಹತ್ತಿರವೇ ನಡೆಯಿತು.

ಇನ್ನೊಂದನ್ನೂ ಬಿಡಿಸಿ ಹೇಳಬೇಕು. ಆ ಕಾಲದಲ್ಲಿ ಸಿಡುಬಿಗೆ ಸಿಡುಬು ಅನ್ನುತ್ತಿರಲಿಲ್ಲ. ಅಮ್ಮ ಬಂದಳು ಅನ್ನುತ್ತಿದ್ದರು. ಮಗುವಿನ ಮೈಮೇಲೆ ಗುಳ್ಳೆ ಎದ್ದರೆ ಅಮ್ಮ ಮನೆಗೆ ಬಂದಿದ್ದಾಳೆ ಅಂತ ಬಾಗಿಲಿಗೆ ಬೇವು ಕಟ್ಟುತ್ತಿದ್ದರು. ಬಂದ ಅಮ್ಮ ತಾನಾಗಿ ಹೋಗದಿದ್ದರೆ ಕಳಿಸಿಕೊಡಬೇಕು. ಅದಕ್ಕೊಂದು ಪದ್ಧತಿಯಿತ್ತು. ಹೊಸ ಬಿದಿರಿನ ಬುಟ್ಟಿ ತಂದು, ಅದರಲ್ಲಿ ಅರಿಸಿನ, ಕುಂಕುಮ, ಹಸಿರು ಬಳೆ, ಮೊಸರನ್ನ ಇಟ್ಟು, ಅಮ್ಮ ಬಂದಿರುವ ಪ್ರತಿ ಮನೆಯಿಂದ ಮಲಗಿದವರ ಹೊದಿಕೆಯ ಚೂರೊಂದನ್ನು ಹರಿದು ಹಾಕುತ್ತಿದ್ದರು. ಆ ಬುಟ್ಟಿಯನ್ನು ಮೆರವಣಿಗೆಯಲ್ಲಿ ಒಯ್ದು ಗಡಿಕಲ್ಲಿನ ಆಚೆ ಇಳಿಸುತ್ತಿದ್ದರು. ಇಳಿಸಿದ ಮೇಲೆ ಅದು ಆ ಊರಿನ ಪಾಡು. ಅವರು ನೋಡಿ ಎದೆ ಬಡಿದುಕೊಂಡು, ತಮ್ಮ ಮನೆಗಳ ಚೂರುಗಳನ್ನೂ ಸೇರಿಸಿ, ಅದನ್ನೆತ್ತಿ ತಮ್ಮಾಚೆಯ ಊರಿನ ಗಡಿಗೆ ಒಯ್ಯುತ್ತಿದ್ದರು. ಈಗಿನವರು ಕೇಳಿದರೆ, ಆ ಬಟ್ಟೆ ಚೂರಿನಿಂದಲೇ ರೋಗ ಹರಡಿತು ಅನ್ನುತ್ತಾರೆ. ಇದ್ದೀತು. ಅವರಿಗೆ ಗೊತ್ತಿರಲಿಲ್ಲ. ಹೀಗೆ ಊರಿಂದ ಊರಿಗೆ ದಾಟಿಸಿದ ಅಮ್ಮ ಕೊನೆಗೆ ಎಲ್ಲಿಗೆ ಹೋಗುತ್ತಾಳೆ ಅಂತಲೂ ಯಾರೂ ಕೇಳಿರಲಿಲ್ಲವಂತೆ.

ಬುಟ್ಟಿ ಹೊರುವಾಗ ಊರಿನವರೆಲ್ಲ ಹಿಂದೆ ಹೋಗಬೇಕು. ಕಲ್ಲು ಹತ್ತಿರ ಬಂದಾಗ ತಮಟೆ ನಿಲ್ಲಿಸಿ, ಎಲ್ಲರೂ ತಮ್ಮ ಊರಿನ ಕಡೆ ಮುಖಮಾಡಿ, ಗಡಿಗೆ ಬೆನ್ನು ಕೊಟ್ಟು ನಿಲ್ಲಬೇಕು. ಯಾಕೆಂದರೆ ಹೋಗುವ ಅಮ್ಮ ತಿರುಗಿ ನೋಡಿದರೆ ಯಾರ ಮುಖವೂ ಅವಳಿಗೆ ಕಾಣಬಾರದು, ಕಂಡರೆ ಗುರುತಿಟ್ಟುಕೊಂಡು ಮತ್ತೆ ಬರುತ್ತಾಳೆ. ಹೊತ್ತವರು ಬುಟ್ಟಿ ಇಳಿಸಿ, ‘ದಾಟಿದಳು’ ಅಂತ ಕೂಗಬೇಕು. ಆ ಕೂಗು ಕೇಳಿದ ಮೇಲೆ ಹಿಂದೆ ನೋಡದೆ ಮನೆಗೆ ನಡೆಯಬೇಕು.

ಬಿಳಿಗಲ್ಲಹಟ್ಟಿಯಲ್ಲಿ ಆ ಬುಟ್ಟಿ ಹೊರುತ್ತಿದ್ದವಳೇ ಪಾಲವ್ವ. ಅವಳಿಗೆ ಎಳವೆಯಲ್ಲೇ ಅಮ್ಮ ಬಂದು ಹೋಗಿದ್ದಳು. ಮುಖದ ತುಂಬ ಕಲೆ. ಮಳೆ ಹನಿ ಬಿದ್ದ ಹುಡಿಮಣ್ಣಿನ ಹಾಗೆ ಇತ್ತಂತೆ ಅವಳ ಕೆನ್ನೆ. ಅಮ್ಮ ಒಮ್ಮೆ ಮುಟ್ಟಿದವರನ್ನು ಮತ್ತೆ ಮುಟ್ಟುವುದಿಲ್ಲ ಅಂತ ಎಲ್ಲರಿಗೂ ಗೊತ್ತಿದ್ದ ಮಾತು, ಅದಕ್ಕೇ ಆ ಕೆಲಸ ಅವಳ ಪಾಲಿಗೆ ಬಂದಿತ್ತು. ಕೆಲಸಕ್ಕೆ ಬೇಕು, ಹಸೆಮಣೆಗೆ ಬೇಡ ಅನ್ನುವ ಜಾತಿಯ ಮುಖ ಅದು. ಹಾಗಿದ್ದೂ ಒಬ್ಬ ಪುಣ್ಯಾತ್ಮ ಕೈಹಿಡಿದ, ಒಬ್ಬ ಮಗಳು ಹುಟ್ಟಿದಳು, ಆಮೇಲೆ ಅವನು ತೀರಿಕೊಂಡ. ಪಾಲವ್ವ ಆಳೆತ್ತರದ ಹೆಂಗಸು. ಅವಳು ನಡೆದರೆ ದಾರಿಯ ಗುಬ್ಬಿಗಳು ಪಕ್ಕಕ್ಕೆ ಸರಿಯುತ್ತಿದ್ದವಂತೆ, ಅವಳು ಬೈದರೆ ಒಣಗಿದ ಹುಣಸೆಯೂ ಚಿಗುರುತ್ತಿತ್ತಂತೆ. ಇದು ಹೇಳುವವರು ಸೇರಿಸಿದ್ದಿರಬಹುದು. ಬೈಯುತ್ತಿದ್ದಳು ಅನ್ನುವುದು ಮಾತ್ರ ನಿಜ.

ಮಗಳು ಚೌಡವ್ವನನ್ನು ತುಂಬೆಹಳ್ಳಿಗೆ ಕೊಟ್ಟಿದ್ದಳು. ಇಲ್ಲೇ ಕಥೆಯ ಮುಳ್ಳು ಇರುವುದು. ಹಿಂದೊಮ್ಮೆ ಅಮ್ಮ ಬಂದಾಗ ಪಾಲವ್ವ ಎಂದಿನಂತೆ ಬುಟ್ಟಿ ಹೊತ್ತು, ಗಡಿ ದಾಟಿಸಿ, ಕೂಗಿ, ಮನೆಗೆ ಬಂದು ನಿದ್ದೆ ಮಾಡಿದಳು. ಆ ತಿಂಗಳು ಕಳೆಯುವುದರೊಳಗೆ ತುಂಬೆಹಳ್ಳಿಯಲ್ಲಿ ಚೌಡವ್ವನ ಮೊದಲ ಮಗು, ಇನ್ನೂ ಮಾತು ಕಲಿಯದ ಗಂಡುಮಗು, ಅಮ್ಮನ ಪಾಲಾಯಿತು.

ಪಾಲವ್ವ ಪೂಜಾರಿ ಓಬಳಯ್ಯನ ಹತ್ತಿರ ಹೋಗಿ ಕೇಳಿದಳಂತೆ, ಹೀಗ್ಯಾಕಾಯಿತು ಅಂತ. ಓಬಳಯ್ಯ ಕೆಟ್ಟವನಲ್ಲ. ಅವನಿಗೆ ಹಿರಿಯರು ಏನು ಕಲಿಸಿದ್ದರೋ ಅದನ್ನೇ ಹೇಳಿದ. ಅಮ್ಮ ಅನ್ಯಾಯ ಮಾಡುವವಳಲ್ಲ, ಯಾವ ಪಾಪಕ್ಕೋ ಏನೋ, ಈ ಜನ್ಮದ್ದಲ್ಲದಿದ್ದರೆ ಹಿಂದಿನ ಜನ್ಮದ್ದು ಅಂದ. ಮಾತು ಬಾರದ ಮಗು ಯಾವ ಪಾಪ ಮಾಡೀತು ಅಂತ ಪಾಲವ್ವ ಕೇಳಿದ್ದಕ್ಕೆ, ಮಗುವಿನದಲ್ಲದಿದ್ದರೆ ಹೆತ್ತವಳದ್ದು ಅಂದನಂತೆ.

ಅಲ್ಲಿಂದ ಬರುವಾಗ ಗಾಣದ ಸಿರಿಯಣ್ಣ ಸಿಕ್ಕ. ಇವನು ಎಣ್ಣೆ ತೆಗೆಯುವವನು. ಅವನಿಗೂ ಮುಖದ ಮೇಲೆ ಕಲೆ, ಅವನ ಮನೆಯಲ್ಲೂ ಒಬ್ಬ ಮಗ ಹೋಗಿದ್ದ. ಮಗ ಹೋದ ದಿನದಿಂದ ಸಿರಿಯಣ್ಣ ಗುಡಿಯ ದೀಪಕ್ಕೆ ಎಣ್ಣೆ ಕೊಡುವುದನ್ನು ನಿಲ್ಲಿಸಿದ್ದ. ಅವನು ಪಾಲವ್ವನಿಗೆ ಹೇಳಿದ ಮಾತನ್ನು ನಮ್ಮ ಊರಿನಲ್ಲಿ ಈಗಲೂ ಹಾಗೆಯೇ ಹೇಳುತ್ತಾರೆ:

“ನೋಡು ಪಾಲವ್ವ, ತಡೆಯೋಕೆ ಅವಳ ಕೈಲಿ ಆಗಲ್ಲ ಅಂದ್ರೆ ಅವಳು ದೇವರಲ್ಲ. ಆಗುತ್ತೆ, ಆದ್ರೂ ತಡೆಯಲ್ಲ ಅಂದ್ರೆ ಅವಳು ತಾಯಿಯಲ್ಲ. ಗುಡೀಲಿ ಇರೋದು ಕಲ್ಲು.”

ಪಾಲವ್ವ ಇಬ್ಬರ ಮಾತನ್ನೂ ಕೇಳಿಕೊಂಡು ಮನೆಗೆ ಬಂದಳು. ಪೂಜಾರಿಯ ಮಾತು ನಂಬಿದರೆ ಮಗಳನ್ನು ಪಾಪಿ ಅನ್ನಬೇಕು. ಸಿರಿಯಣ್ಣನ ಮಾತು ನಂಬಿದರೆ ಬೈಯುವುದಕ್ಕೂ ಯಾರೂ ಉಳಿಯುವುದಿಲ್ಲ. ಇದನ್ನು ಸ್ವಲ್ಪ ವಿವರಿಸುತ್ತೇನೆ. ಅವಳಿಗೆ ಬೈಯಬೇಕಿತ್ತು. ಮೊಮ್ಮಗು ಹೋದ ಸಂಕಟಕ್ಕೆ ಯಾರನ್ನಾದರೂ ಹಿಡಿದು ಕೇಳಬೇಕಿತ್ತು. ಅದಕ್ಕೆ ಎದುರಿಗೆ ಯಾರಾದರೂ ಇರಬೇಕು ತಾನೇ? ಅದಕ್ಕೇ ಅವಳು ಅಮ್ಮನನ್ನು ಬಿಡಲಿಲ್ಲ, ನಮಸ್ಕಾರವನ್ನೂ ಮಾಡಲಿಲ್ಲ. ಅವಳ ಒಳಗೆ ಆ ಪ್ರಶ್ನೆ ಹಾಗೇ ಕೂತಿತು. ಇನ್ನೊಂದು ಮಾತೂ ಒಳಗೆ ಕೂತಿತ್ತು, ಅದನ್ನವಳು ಯಾರಿಗೂ ಹೇಳಿರಲಿಲ್ಲ. ಬುಟ್ಟಿ ಆ ಕಡೆ ಇಳಿಸಿದ ಕೈ ಅಮ್ಮನದಲ್ಲ, ತನ್ನದು.

ವರುಷಗಳು ಉರುಳಿದವು. ಚೌಡವ್ವನಿಗೆ ಇನ್ನೊಂದು ಮಗು ಹುಟ್ಟಿತು, ಹೆಣ್ಣುಮಗು. ಅದು ತೆವಳಲು ಕಲಿತ ಹೊತ್ತಿಗೆ ಬಿಳಿಗಲ್ಲಹಟ್ಟಿಗೆ ಮತ್ತೆ ಅಮ್ಮ ಬಂದಳು. ಒಂದು ಮನೆ, ಎರಡು ಮನೆ, ಆಮೇಲೆ ಬೀದಿಗೆ ಬೀದಿಯೇ ಬೇವು ಕಟ್ಟಿತು. ಓಬಳಯ್ಯ ಹೊಸ ಬುಟ್ಟಿ ಹೆಣೆಸಿದ. ಪಾಲವ್ವನಿಗೆ ಕರೆ ಬಂತು.

ಬೆಳಗ್ಗೆ, ಬಿಸಿಲೇರುವ ಮೊದಲು, ತಮಟೆ ಬಡಿಯುತ್ತಾ ಹೊರಟರು. ಪಾಲವ್ವ ತಲೆಯ ಮೇಲೆ ಬುಟ್ಟಿ ಹೊತ್ತು ಮುಂದೆ, ಊರು ಹಿಂದೆ. ಕಲ್ಲು ಬಂತು. ತಮಟೆ ನಿಂತಿತು. ಊರೆಲ್ಲ ಬೆನ್ನು ತಿರುಗಿಸಿತು. ಕೂಗು ಬರಲೆಂದು ಕಾದರು.

ಕೂಗು ಬರಲಿಲ್ಲ.

ಯಾರಿಗೋ ಕೆಮ್ಮು ಬಂತು, ಯಾರದೋ ಕಾಲಿಗೆ ಇರುವೆ ಹತ್ತಿತು. ತಿರುಗುವ ಹಾಗಿಲ್ಲ. ಬಿಸಿಲು ನೆತ್ತಿಗೆ ಬರುತ್ತಿದೆ. ಕೊನೆಗೆ ಓಬಳಯ್ಯ, ಊರಿನ ಕಡೆ ನೋಡಿಕೊಂಡೇ ಕೇಳಿದನಂತೆ:

“ಪಾಲವ್ವ, ಇಳಿಸಿದೆಯೇನೇ?”

“ಇಲ್ಲ.”

“ಯಾಕೆ, ಭಾರ ಆಯ್ತಾ?”

“ಹೂಂ, ಭಾರ ಆಯ್ತು.”

“ಭಾರ ಆದ್ರೆ ಇಳಿಸ್ಬೇಕು ತಾಯಿ. ಹೊತ್ಕೊಂಡೇ ನಿಂತ್ರೆ ಹಗುರ ಆಗುತ್ತೇನು?”

“ಆ ಕಡೆ ಇಳಿಸಿದ್ರೆ ನಿಮಗೆ ಹಗುರ ಆಗುತ್ತೆ ಓಬಳಯ್ಯ. ನನಗಾಗಲ್ಲ.”

ಒಬ್ಬ ಮುದುಕ, ಅದೇನು ಅಂತ ಬೇಗ ಇತ್ಯರ್ಥ ಮಾಡಿಕೊಳ್ಳಿ, ನನ್ನ ಸೊಂಟ ಹಿಡಿಯಿತು ಅಂತ ಗೊಣಗಿದನಂತೆ. ನಗಬಾರದ ಜಾಗದಲ್ಲಿ ಒಂದಿಬ್ಬರು ನಕ್ಕರು. ಆಗ ಪಾಲವ್ವ ಗಡಿಕಲ್ಲಿನ ಮೇಲೆ ಕೂತು, ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದಳು:

“ಇವಳು ತಾಯಿ ಆದ್ರೆ ಈ ಕಲ್ಲಿನ ಆಚೆಗೂ ತಾಯಿ. ತಾಯಿನ ಯಾರಾದ್ರೂ ಊರಾಚೆ ಬಿಟ್ಟು ಬರ್ತಾರಾ? ತಾಯಿ ಅಲ್ಲ, ಮಾರಿ ಅಂದ್ರೆ, ನಮಗೆ ಬೇಡದ ಮಾರಿನ ನನ್ನ ಮಗಳ ಮನೆ ಬಾಗಿಲಿಗೆ ಯಾಕೆ ಇಡ್ಲಿ? ಇವಳು ಯಾರು ಅಂತ ಇವಳೇ ಹೇಳೋವರೆಗೂ ನಾನು ಇಲ್ಲಿಂದ ಏಳಲ್ಲ.”

ಓಬಳಯ್ಯ ಊರಿನ ಕಡೆ ನೋಡಿಕೊಂಡೇ ಕೈಮುಗಿದ. ಅಮ್ಮನ ಜೊತೆ ಪಂಥ ಕಟ್ಟಬೇಡ, ಸುಟ್ಟುಬಿಡುತ್ತಾಳೆ ಅಂದ. ಸುಟ್ಟಾಗಿದೆ, ತಿರುಗಿ ನನ್ನ ಮುಖ ನೋಡು ಅಂದಳಂತೆ ಅವಳು. ಅವನು ತಿರುಗಲಿಲ್ಲ. ಯಾರೂ ತಿರುಗಲಿಲ್ಲ. ಪಾಲವ್ವ ಆ ಬೆನ್ನುಗಳ ಸಾಲು ನೋಡುತ್ತಾ ಹೋದಳು. ಒಂದು ಬೆನ್ನು ಅವಳಿಗೆ ಗುರುತು ಸಿಕ್ಕಿತು.

“ಸಿರಿಯಣ್ಣ, ನೀನ್ಯಾಕೋ ಬೆನ್ನು ತಿರುಗಿಸಿದೀಯ? ಇಲ್ಲದೋಳು ನಿನ್ನ ಮುಖ ಗುರುತು ಹಿಡೀತಾಳಾ?”

ಇದನ್ನೂ ವಿವರಿಸಬೇಕೋ ಏನೋ. ದೇವರಿಲ್ಲ ಅಂತ ಊರೆಲ್ಲ ಸಾರುತ್ತಿದ್ದವನು, ಅಭ್ಯಾಸಬಲದಿಂದ, ತನಗೇ ತಿಳಿಯದ ಹಾಗೆ ಎಲ್ಲರೊಂದಿಗೆ ಬೆನ್ನು ತಿರುಗಿಸಿ ನಿಂತಿದ್ದ. ಭಯಕ್ಕೆ ನಂಬಿಕೆ ಬೇಕಾಗುವುದಿಲ್ಲ ಅಂತ ಕಾಣುತ್ತದೆ. ಸಿರಿಯಣ್ಣ ನಾಚಿಕೊಂಡು ತಿರುಗಿದ. ಆ ಪದ್ಧತಿ ಹುಟ್ಟಿದ ಮೇಲೆ ಅಲ್ಲಿ ತಿರುಗಿ ನೋಡಿದವನು ಅವನೇ ಮೊದಲಂತೆ. ನೋಡಿದರೆ ಏನಿದೆ? ಕಲ್ಲಿನ ಮೇಲೆ ಒಬ್ಬ ಹೆಂಗಸು, ತೊಡೆಯ ಮೇಲೆ ಒಂದು ಬುಟ್ಟಿ. ಅಷ್ಟೇ.

ಅಷ್ಟರಲ್ಲಿ ತಮಟೆ ಕೇಳಿದ ತುಂಬೆಹಳ್ಳಿಯವರು ದೊಣ್ಣೆ ಹಿಡಿದು ಬಂದಿದ್ದರು. ಬುಟ್ಟಿ ದಾಟಿದರೆ ತಲೆ ಒಡೆಯುವುದು ಅಂತ ಅವರ ಲೆಕ್ಕ. ಈ ಕಡೆಯವರು ವಾಪಸ್ ತರಬೇಡ ಅಂದರು, ಆ ಕಡೆಯವರು ಮುಂದೆ ಇಡಬೇಡ ಅಂದರು. ಪಾಲವ್ವ ಎರಡೂ ಊರಿನ ಮಾತು ನಡೆಸಿಕೊಟ್ಟಳು. ಹಿಂದೆಯೂ ಬರಲಿಲ್ಲ, ಮುಂದೆಯೂ ಹೋಗಲಿಲ್ಲ. ಕಾದು ಸಾಕಾಗಿ ಎರಡೂ ಊರಿನವರು ಮನೆಗೆ ಮರಳಿದರು, ಅವಳು ದಿನಗಟ್ಟಲೆ ಕಲ್ಲಿನ ಮೇಲೆಯೇ ಕೂತಳು. ಬಿಸಿಲಿಗೂ ಏಳಲಿಲ್ಲ, ಮಳೆಗೂ ಏಳಲಿಲ್ಲ ಅನ್ನುತ್ತಾರೆ. ಬುಟ್ಟಿಯ ಜೊತೆ ಜಗಳವಾಡುತ್ತಿದ್ದಳು ಅನ್ನುತ್ತಾರೆ. ಹೇಳು, ನೀನು ಯಾರು, ಕೂಸಿನ ಮೈಮೇಲೆ ನಿನಗೇನು ಕೆಲಸ ಅಂತ ಕೇಳುತ್ತಿದ್ದಳಂತೆ. ಬುಟ್ಟಿ ಮಾತಾಡಲಿಲ್ಲ.

ಆಮೇಲೆ ಆದದ್ದು ಕೇಳಿ. ಬುಟ್ಟಿ ದಾಟಲಿಲ್ಲ, ಆದರೂ ತುಂಬೆಹಳ್ಳಿಗೆ ಅಮ್ಮ ಬಂದಳು. ಸಂತೆಯಿಂದ ಬಂತೋ, ಗಾಳಿಯಿಂದ ಬಂತೋ. ಬಂದದ್ದು ಬೇರೆ ಎಲ್ಲಿಗೂ ಅಲ್ಲ ಅನ್ನುವ ಹಾಗೆ, ಮೊದಲ ದಿನಗಳಲ್ಲೇ ಚೌಡವ್ವನ ಹೆಣ್ಣುಮಗುವಿನ ಮೈಮೇಲೆ ಗುಳ್ಳೆ ಎದ್ದವು. ಚೌಡವ್ವ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಗಡಿಗೆ ಓಡಿಬಂದು, ಕಲ್ಲಿನಿಂದ ಅಷ್ಟು ದೂರದಲ್ಲಿ ನಿಂತಳು. ಅವಳ ಹಿಂದೆ ಅವಳ ಊರು, ನಿನ್ನವ್ವ ಅಮ್ಮನನ್ನು ಕೆಣಕಿದಳು, ಅದಕ್ಕೇ ಹೀಗಾಯಿತು ಅನ್ನುತ್ತಾ ಬಂತು.

ಒಳ್ಳೆಯದು ಮಾಡಲು ಹೋದವಳಿಗೆ ಇದೇ ಫಲವೇ? ಯಾವ ಲೆಕ್ಕದಲ್ಲಿ ನೋಡಿದರೂ ಇದು ನ್ಯಾಯವಲ್ಲ. ಪಾಲವ್ವ ಬುಟ್ಟಿಯನ್ನು ನೋಡಿದಳು. ಮಗುವನ್ನು ನೋಡಿದಳು. ಬುಟ್ಟಿ ಕೆಳಗಿಟ್ಟು ಎದ್ದಳು. ಎಷ್ಟೋ ದಿನದಿಂದ ಕೇಳುತ್ತಿದ್ದ ಪ್ರಶ್ನೆಯನ್ನು ಅಲ್ಲಿಗೆ ಬಿಟ್ಟಳು. ಬಿಟ್ಟಳು ಅಂದರೆ ಮರೆತಳು ಅಂತಲ್ಲ, ಉತ್ತರ ಬರುವವರೆಗೆ ಕಾಯುವಷ್ಟು ಪುರುಸೊತ್ತು ಮಗುವಿಗೆ ಇರಲಿಲ್ಲ. ಮಗುವನ್ನು ಎತ್ತಿಕೊಂಡು ಎರಡೂ ಊರಿಗೆ ಕೇಳುವ ಹಾಗೆ ಕೂಗಿದಳು:

“ಮುಖದ ಮೇಲೆ ಕಲೆ ಇರೋರೆಲ್ಲ ಬನ್ನಿ. ನಮ್ಮನ್ನ ಅಮ್ಮ ಮತ್ತೆ ಮುಟ್ಟಲ್ಲ. ನಾವು ಮುಟ್ಟಬಹುದು.”

ಮೊದಲು ಬಂದವನು ಸಿರಿಯಣ್ಣ. ಎಣ್ಣೆಯ ಕೊಡ ಹೊತ್ತುಕೊಂಡೇ ಬಂದ. ಆಮೇಲೆ ತುಂಬೆಹಳ್ಳಿಯಿಂದ, ಕಲೆಯ ದೆಸೆಯಿಂದ ಮದುವೆಯಾಗದೆ ಉಳಿದ ಅಕ್ಕತಂಗಿಯರು ಬಂದರು. ಬಿಳಿಗಲ್ಲಹಟ್ಟಿಯಿಂದ ಒಂದು ಕಣ್ಣು ಕಳೆದುಕೊಂಡ ಕುರಿ ಕಾಯುವವನು ಬಂದ. ಶುಭಕಾರ್ಯಕ್ಕೆ ಎದುರು ಬರಬೇಡಿ ಅನ್ನಿಸಿಕೊಂಡವರು, ಕನ್ನಡಿ ನೋಡುವುದನ್ನೇ ಬಿಟ್ಟವರು, ಯಾವ ಪಾಪಕ್ಕೋ ಈ ಮುಖ ಅಂತ ಕೇಳಿ ಕೇಳಿ ತಲೆತಗ್ಗಿಸಿದವರು, ಒಬ್ಬೊಬ್ಬರೇ ತಲೆಯೆತ್ತಿಕೊಂಡು ಗಡಿಗೆ ಬಂದರು. ಎರಡೂ ಊರು ಆ ಮುಖಗಳನ್ನು ಒಟ್ಟಿಗೆ ನೋಡಿದ್ದು ಅದೇ ಮೊದಲಂತೆ. ಇಷ್ಟೊಂದು ಜನ ಇದ್ದರೇ ಅಂತ ಬೆರಗಾದರಂತೆ.

ಕಲ್ಲಿನ ಸುತ್ತ ಹೊಂಗೆಸೊಪ್ಪಿನ ಚಪ್ಪರ ಎದ್ದಿತು. ಅರ್ಧ ಚಪ್ಪರ ಈ ಊರಿನಲ್ಲಿ, ಅರ್ಧ ಆ ಊರಿನಲ್ಲಿ. ಅಮ್ಮ ಬಂದವರನ್ನೆಲ್ಲ ಅಲ್ಲಿಗೆ ತಂದು ಮಲಗಿಸಿದರು. ಕಲೆಯವರು ಬೇವಿನ ಸೊಪ್ಪಿನಿಂದ ಗಾಳಿ ಬೀಸಿದರು, ಅಂಬಲಿ ಕುಡಿಸಿದರು, ತುರಿಸಿಕೊಳ್ಳದಂತೆ ಮಕ್ಕಳ ಕೈ ಹಿಡಿದು ಕೂತರು. ಗುಳ್ಳೆ ಒಣಗಿದವರಿಗೆ ಸಿರಿಯಣ್ಣ ಎಣ್ಣೆ ಹಚ್ಚಿದ. ಪಾಲವ್ವ ಬುಟ್ಟಿಯನ್ನು ತಂದು ಮಲಗಿದವರ ನಡುವೆ ಇಟ್ಟಳಂತೆ. ನೀನೂ ಇಲ್ಲೇ ಕೂತು ನೋಡು, ಬೆನ್ನು ತಿರುಗಿಸಬೇಡ ಅಂದಳಂತೆ.

ಎಲ್ಲರೂ ಬದುಕಲಿಲ್ಲ. ಇದನ್ನು ಮುಚ್ಚಿಟ್ಟರೆ ಕಥೆ ಸುಳ್ಳಾಗುತ್ತದೆ. ಕೆಲವರು ಆ ಚಪ್ಪರದಲ್ಲೇ ಹೋದರು. ಆದರೆ ಯಾರೂ ಒಬ್ಬರೇ ಹೋಗಲಿಲ್ಲ, ಹೋಗುವಾಗ ಪ್ರತಿಯೊಬ್ಬರ ಕೈಯೂ ಇನ್ನೊಬ್ಬರ ಕೈಯಲ್ಲಿತ್ತು. ಬದುಕಿದವರು ಬಹಳ. ಹಿಂದೆಂದೂ ಅಷ್ಟು ಜನ ಬದುಕಿರಲಿಲ್ಲ. ಚೌಡವ್ವನ ಮಗು ಕಣ್ಣುಬಿಟ್ಟು, ಅಜ್ಜಿಯ ಕೆನ್ನೆಯ ಮೇಲೆ ಬೆರಳಿಟ್ಟು, ಒಂದೊಂದೇ ಕಲೆಯನ್ನು ಒತ್ತಿ ನೋಡಿ ನಕ್ಕಿತಂತೆ. ಆ ಹೊತ್ತು ಪಾಲವ್ವ ಬುಟ್ಟಿಯ ಕಡೆ ತಿರುಗಿ, ಮಗುವನ್ನು ಎತ್ತಿ ತೋರಿಸಿದಳಂತೆ.

ಆ ಚಪ್ಪರದಲ್ಲಿ ಇನ್ನೊಬ್ಬಳಿದ್ದಳು ಅನ್ನುತ್ತಾರೆ. ಮುಖದ ತುಂಬ ಕಲೆಯ ಒಬ್ಬ ಮುದುಕಿ. ಹೆಚ್ಚು ಮಾತಿಲ್ಲ. ಯಾವ ಮಗು ಹೆಚ್ಚು ಅಳುತ್ತದೋ ಅದನ್ನೇ ಎತ್ತಿಕೊಳ್ಳುತ್ತಿದ್ದಳು. ಬಿಳಿಗಲ್ಲಹಟ್ಟಿಯವರು ಅವಳನ್ನು ತುಂಬೆಹಳ್ಳಿಯವಳು ಅಂದುಕೊಂಡರು, ತುಂಬೆಹಳ್ಳಿಯವರು ಬಿಳಿಗಲ್ಲಹಟ್ಟಿಯವಳು ಅಂದುಕೊಂಡರು. ಎಲ್ಲ ಮುಗಿದ ಮೇಲೆ ಕೇಳಿಕೊಂಡರೆ ಯಾವ ಊರಿನವಳೂ ಅಲ್ಲ. ಅವಳೇ ಅಮ್ಮ ಅಂತ ಓಬಳಯ್ಯ ಕಣ್ಣೀರು ಹಾಕಿದ. ಮೂರನೆಯ ಊರು ಅಂತ ಒಂದಿರುವುದಿಲ್ಲವೇ, ಅಲ್ಲಿಂದ ಬಂದಿರುತ್ತಾಳೆ ಅಂತ ಸಿರಿಯಣ್ಣ ಸಾಯುವವರೆಗೂ ಸಾಧಿಸಿದ. ಪಾಲವ್ವನನ್ನು ಕೇಳಿದರೆ, ಯಾರಾದರೇನು, ಕೆಲಸಗಳ್ಳಿಯಲ್ಲ ಅಂದಳಂತೆ.

ಬುಟ್ಟಿ ಉಳಿದಿತ್ತಲ್ಲ, ಅದರ ಕಥೆ ಹೇಳುತ್ತೇನೆ. ಬಟ್ಟೆಯ ಚೂರುಗಳನ್ನು ಪಾಲವ್ವ ಸುಟ್ಟಳು. ಬಳೆಗಳನ್ನು ಬಿಸಿನೀರಿನಲ್ಲಿ ತೊಳೆದು ತುಂಬೆಹಳ್ಳಿಯ ಅಕ್ಕತಂಗಿಯರ ಕೈಗೆ ತೊಡಿಸಿದಳು. ಬುಟ್ಟಿಯನ್ನು ಬಿಸಿಲಿಗೆ ಹಾಕಿ, ಉಜ್ಜಿ ತೊಳೆದು, ಅದರ ತುಂಬ ಜೋಳದ ರೊಟ್ಟಿ ತುಂಬಿಸಿ ಕಲ್ಲಿನ ಮೇಲಿಟ್ಟಳು. ಆ ಕಡೆಯವರು ಆ ಕಡೆ, ಈ ಕಡೆಯವರು ಈ ಕಡೆ, ಮುಖಾಮುಖಿ ಕೂತು ಒಂದೇ ಬುಟ್ಟಿಯಿಂದ ತಿಂದರು.

ತಿನ್ನುವಾಗ ಓಬಳಯ್ಯನಿಗೆ ಹೃದಯ ತುಂಬಿಬಂತು. ಈಗ ಅರ್ಥವಾಯಿತು ಪಾಲವ್ವ, ಇಷ್ಟು ಜನರನ್ನು ಉಳಿಸಲೆಂದೇ ಅಮ್ಮ ನಿಮಗೆಲ್ಲ ಆ ಕಲೆ ಕೊಟ್ಟಿದ್ದಳು, ಎಲ್ಲ ಒಳ್ಳೆಯದಕ್ಕೇ ಅಂದ. ಒಳ್ಳೆಯ ಮನಸ್ಸಿನಿಂದಲೇ ಅಂದ. ಪಾಲವ್ವ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟಳಂತೆ.

“ಅದಕ್ಕೇ ಕೊಟ್ಟಳು ಅನ್ನಬೇಡ ಓಬಳಯ್ಯ. ಹಂಗಂದ್ರೆ ನನ್ನ ಮೊಮ್ಮಗ ಯಾವುದಕ್ಕೆ ಹೋದ ಅಂತ ಹೇಳಬೇಕಾಗುತ್ತೆ, ನಿನ್ನ ಕೈಲಿ ಆಗಲ್ಲ. ಅವಳು ಯಾಕೆ ಕೊಟ್ಟಳೋ ನನಗೆ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ನಾವೇನು ಮಾಡಿದ್ವಿ, ಅದು ಗೊತ್ತು. ಅಷ್ಟು ಸಾಕು, ರೊಟ್ಟಿ ತಿನ್ನು.”

ಓಬಳಯ್ಯ ತಿಂದ. ಅವನ ಪುಣ್ಯ, ಆಮೇಲೆ ಅವನು ಯಾವ ಹೆತ್ತವಳಿಗೂ ಪಾಪದ ಮಾತು ಆಡಲಿಲ್ಲವಂತೆ.

ಅಂದಿನಿಂದ ಬುಟ್ಟಿ ಗಡಿ ದಾಟಿಲ್ಲ. ವರ್ಷಕ್ಕೊಮ್ಮೆ, ಹೊಂಗೆ ಚಿಗುರುವ ಕಾಲಕ್ಕೆ, ಎರಡೂ ಊರಿನವರು ರೊಟ್ಟಿಯ ಬುಟ್ಟಿ ಹೊತ್ತು ಆ ಕಲ್ಲಿಗೆ ಹೋಗುತ್ತೇವೆ. ಯಾರೂ ಬೆನ್ನು ತಿರುಗಿಸುವ ಹಾಗಿಲ್ಲ. ಸಿರಿಯಣ್ಣನ ಮನೆತನದವರು ಕಲ್ಲಿನ ಮೇಲೆ ದೀಪ ಹಚ್ಚುತ್ತಾರೆ. ಅವರು ಕೈಮುಗಿಯುವುದಿಲ್ಲ, ಯಾಕೆ ಅಂತ ಯಾರೂ ಕೇಳುವುದಿಲ್ಲ. ಆ ಜಾಗದಲ್ಲಿ ‘ಯಾವ ಪಾಪಕ್ಕೋ’ ಅನ್ನುವ ಮಾತು ಬಾಯಿತಪ್ಪಿ ಬಂದರೂ, ಬಂದವರು ಅಷ್ಟೂ ಜನಕ್ಕೆ ನೀರು ಹೊತ್ತು ಕುಡಿಸಬೇಕು. ದೊಡ್ಡ ದೊಡ್ಡವರೆಲ್ಲ ಹೊತ್ತಿದ್ದಾರೆ. ಇನ್ನು ಬುಟ್ಟಿ. ಆ ವರ್ಷ ಎರಡೂ ಊರಿನಲ್ಲಿ ಯಾರಿಗೆ ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದಿರುತ್ತದೋ ಅವರು ಬುಟ್ಟಿಯನ್ನು ಎತ್ತಬೇಕು. ಎತ್ತಿ ಕಲ್ಲಿನ ಮೇಲಿಟ್ಟು, ಅಮ್ಮನನ್ನು ಏನು ಬೇಕಾದರೂ ಕೇಳಬಹುದು, ಬೈಯಬಹುದು, ಸುಮ್ಮನೆ ನಿಂತಿರಬಹುದು. ಎಷ್ಟು ಹೊತ್ತಾದರೂ ಸರಿ, ಅವರು ಮುಗಿಸುವವರೆಗೆ ಎರಡು ಊರೂ ಅವರ ಮುಖ ನೋಡುತ್ತಾ ನಿಲ್ಲಬೇಕು. ಆಮೇಲೆ ಊಟ.

ಮುಖ ನೋಡುತ್ತಾ ಯಾಕೆ ನಿಲ್ಲಬೇಕು ಅನ್ನುವುದನ್ನು ವಿವರಿಸದಿದ್ದರೆ ಎಲ್ಲ ಹೇಳಿಯೂ ಹೇಳದ ಹಾಗೆ. ಅದರ ಒಳಗಿನ ಅರ್ಥ ಏನೆಂದರೆ, ಅಮ್ಮ ಇದ್ದಾಳೆ ಅಂತ ಇಟ್ಟುಕೊಳ್ಳಿ, ಆಗ ಕೇಳುವವರ ಮುಖವನ್ನು ಅವಳೂ ನೋಡಲೇಬೇಕಾಗುತ್ತದೆ. ಇಲ್ಲ ಅಂತ ಇಟ್ಟುಕೊಳ್ಳಿ, ಆಗ ನೋಡುವುದಕ್ಕೆ ನಾವಾದರೂ, ಅಂದರೆ ಅವಳ ಜಾಗದಲ್ಲಿ ನಾವು…

ಬಂದೆ, ಬಂದೆ. ಕ್ಷಮಿಸಿ, ಹೊರಗೆ ಕರೆಯುತ್ತಿದ್ದಾರೆ. ತುಂಬೆಹಳ್ಳಿಯವರು ಆಗಲೇ ಕಲ್ಲಿನ ಹತ್ತಿರ ಬಂದು ನಿಂತಿದ್ದಾರಂತೆ. ನಾನು ಹೋಗದೆ ನಡೆಯುವುದಿಲ್ಲ, ಈ ವರ್ಷ ಬುಟ್ಟಿ ಎತ್ತಬೇಕಾದವನು ನಾನು.